ಟಿವಿ ಕೇಬಲ್ ಹಿಡಿದು ರೇಡಿಯೋ ಕೇಳುವುದು: ಸುಯ್, ಗರ್, ಜುಮ್ — ಯಾವ ಲಕ್ಷಣಕ್ಕೆ ಯಾವ ಕಾರಣ?

ನಮ್ಮ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿದೆ. ಅಮ್ಮನ ತವರು ಹೊಳಲ್ಕೆರೆ ಕಡೆ. ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೆ ಅವರಿಗೆ ಚಿತ್ರದುರ್ಗ ಆಕಾಶವಾಣಿ ಕೇಳಲೇಬೇಕು. ಎಫ್‌ಎಂ 102.6 ಮೆಗಾಹರ್ಟ್ಸ್. ಚಿತ್ರದುರ್ಗ ನಮ್ಮಿಂದ ನೇರ ಗೆರೆಯಲ್ಲಿ ಅಳೆದರೂ 55 ಕಿಲೋಮೀಟರಿಗಿಂತ ಜಾಸ್ತಿ ದೂರ. ತಾರಸಿಯ ಮೇಲೆ ರೇಡಿಯೋ ಇಟ್ಟರೆ ಸ್ಟೇಷನ್ ಸ್ವಚ್ಛವಾಗಿ ಬರುತ್ತದೆ. ಅದೇ ರೇಡಿಯೋ ಅಡುಗೆಮನೆಗೆ ಬಂದರೆ ಸುಯ್ ಅನ್ನುತ್ತದೆ.

ಒಂದು ದಿನ ನನ್ನ ತಮ್ಮ ಟಿವಿಯ ಕೇಬಲ್ ತುದಿಯನ್ನು ರೇಡಿಯೋದ ಏರಿಯಲ್‌ಗೆ ಮುಟ್ಟಿಸಿದ. ಸ್ಟೇಷನ್ ಥಟ್ಟನೆ ಬಂತು. ಎಲ್ಲರಿಗೂ ಖುಷಿ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಗರ್ ಎನ್ನುವ ಸದ್ದು ಸೇರಿಕೊಂಡಿತು. ಒಂದು ಸಂಜೆ ಅಮ್ಮ ಒದ್ದೆ ಕೈಯಲ್ಲಿ ಏರಿಯಲ್ ಸರಿಸಲು ಹೋದರು. ಕೈ ಜುಮ್ ಅಂತು. ಏನೂ ಆಗಲಿಲ್ಲ, ಆದರೆ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಂದ ಮುಂದೆ ಒಂದೊಂದೇ ಬಿಚ್ಚಿ, ಒಂದೊಂದೇ ಪರೀಕ್ಷೆ ಮಾಡಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಈ ಕೇಬಲ್ ಉಪಾಯ ತುಂಬಾ ಮನೆಗಳಲ್ಲಿ ನಡೆಯುತ್ತಿದೆ. ಅದನ್ನು ಸರಿಯಾದ ರೀತಿಯಲ್ಲಿ ಮಾಡಿದರೆ ನಿಜವಾಗಿಯೂ ಉಪಯೋಗವಿದೆ.

ಆ ಕೇಬಲ್ ಒಳಗೆ ರೇಡಿಯೋ ಇದೆಯಾ?

ಯುರೋಪಿನ ಹಲವು ಊರುಗಳಲ್ಲಿ ಕೇಬಲ್‌ನವರು ಟಿವಿ ಜೊತೆಗೇ ಎಫ್‌ಎಂ ಸ್ಟೇಷನ್‌ಗಳನ್ನೂ ಕಳುಹಿಸುತ್ತಿದ್ದರು. ಗೋಡೆಯ ಪೆಟ್ಟಿಗೆಯಲ್ಲಿ ಟಿವಿಗೆ ಒಂದು ತೂತು, ರೇಡಿಯೋಗೆ ಒಂದು ತೂತು. ‘ರೇಡಿಯೋಗೆ ಕೇಬಲ್ ಹಾಕಿ’ ಎನ್ನುವ ಸಲಹೆ ಅಲ್ಲಿಗೆ ಸರಿ. ನಮ್ಮಲ್ಲಿ ಹಾಗಲ್ಲ. 2011ರಲ್ಲಿ ಕೇಬಲ್ ಟಿವಿ ಕಾಯ್ದೆಗೆ ತಿದ್ದುಪಡಿ ಬಂತು. ಊರೂರಿನ ಕೇಬಲ್ ಹಂತ ಹಂತವಾಗಿ ಡಿಜಿಟಲ್ ಆಯಿತು. ಈಗ ಆ ತಂತಿಯೊಳಗೆ ಹರಿಯುವುದನ್ನು ಬಿಡಿಸಿ ಓದಲು ಸೆಟ್‌ಟಾಪ್ ಬಾಕ್ಸ್ ಬೇಕು. ಅಡುಗೆಮನೆಯ ರೇಡಿಯೋಗೆ ಅದು ಬರೀ ಸುಯ್ ಸದ್ದು.

ಹಾಗಾದರೆ ಮುಟ್ಟಿಸಿದಾಗ ಸ್ಟೇಷನ್ ಬಂದಿದ್ದು ಹೇಗೆ? ಕೇಬಲ್ಲಿನ ಹೊರಗಿನ ಲೋಹದ ಜಾಲರಿ ಒಂದು ಉದ್ದನೆಯ ಏರಿಯಲ್ ಆಗಿ ಕೆಲಸ ಮಾಡಿತು, ಅಷ್ಟೇ. ಅದು ತಾರಸಿಯಿಂದ ಇಳಿದು ಬಂದಿದೆ, ಹೊರಗಿನ ಗಾಳಿಯಲ್ಲಿದೆ. ಗಾಳಿಯಲ್ಲಿದ್ದ ಚಿತ್ರದುರ್ಗದ ಅಲೆಯನ್ನು ಅದು ಹಿಡಿದು ಕೆಳಗೆ ತಂದಿತು. ಸ್ಟೇಷನ್ ತಂದಿದ್ದು ಕೇಬಲ್ ಕಂಪನಿಯಲ್ಲ, ಆ ತಂತಿಯ ಉದ್ದ ಮತ್ತು ಎತ್ತರ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ. ನಮಗೆ ಬೇಕಿರುವುದು ತಂತಿ. ಅದರೊಳಗಿನ ಟಿವಿ ನಮಗೆ ಬೇಡ. ಬೀದಿಯ ಲೈನಿನ ಜೊತೆ ಸಂಬಂಧವಂತೂ ಬೇಡವೇ ಬೇಡ.

ಲಕ್ಷಣ: ಕೇಬಲ್ ಅಥವಾ ಏರಿಯಲ್ ಮುಟ್ಟಿದರೆ ಜುಮ್ ಅನ್ನುತ್ತದೆ

ಇದನ್ನು ಮೊದಲು ಬರೆಯುತ್ತಿದ್ದೇನೆ. ಏಕೆಂದರೆ ಇದೊಂದು ಲಕ್ಷಣ ಕಂಡರೆ ಮಿಕ್ಕಿದ್ದನ್ನೆಲ್ಲ ಅಲ್ಲಿಗೇ ನಿಲ್ಲಿಸಬೇಕು.

ಜುಮ್ ಅನ್ನಲು ಎರಡು ಕಾರಣ ಇರಬಹುದು. ಒಂದು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಎರಡು ಪಿನ್ನಿನ ಅಡಾಪ್ಟರ್‌ಗೆ ಅರ್ಥ್ ಇರುವುದಿಲ್ಲ. ಅದರೊಳಗಿನ ಒಂದು ಪುಟ್ಟ ಕೆಪಾಸಿಟರ್ ಮೂಲಕ ಸ್ವಲ್ಪ ಕರೆಂಟ್ ಬಾಕ್ಸಿನ ಲೋಹಕ್ಕೂ, ಅಲ್ಲಿಂದ ಕೇಬಲ್ಲಿನ ಜಾಲರಿಗೂ ಸೋರುತ್ತದೆ. ಈ ಸೋರಿಕೆ ತುಂಬಾ ಕಡಿಮೆ. ಒದ್ದೆ ಕೈಗೆ, ಬರಿಗಾಲಿಗೆ ಚುರುಕ್ ಅನ್ನುತ್ತದೆ. ಇನ್ನೊಂದು ಕಾರಣ ದೊಡ್ಡದು. ಬೀದಿಯಲ್ಲಿ ಕೇಬಲ್ ಎಲ್ಲೋ ಕರೆಂಟ್ ಲೈನಿಗೆ ತಾಗಿರಬಹುದು. ಅಥವಾ ಕಂಬದ ಮೇಲಿನ ಆಂಪ್ಲಿಫೈಯರ್‌ಗೆಂದು ಕೇಬಲ್ಲಿನಲ್ಲೇ ಕಳುಹಿಸುವ ವಿದ್ಯುತ್ ದಾರಿ ತಪ್ಪಿ ಮನೆಗೆ ಬಂದಿರಬಹುದು. ಮೊದಲನೆಯದು ಚುರುಕ್, ಎರಡನೆಯದು ಪ್ರಾಣಕ್ಕೇ ಅಪಾಯ. ಕೈ ಮುಟ್ಟಿ ಇದು ಯಾವುದು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ರೇಡಿಯೋ ಹತ್ತಿರವೂ ಹೋಗಬೇಡಿ. ಮೊದಲು ಕಾಲಿಗೆ ಒಣ ಚಪ್ಪಲಿ ಹಾಕಿಕೊಳ್ಳಿ, ಕೈ ಒಣಗಿರಲಿ. ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ ಎರಡರ ಪ್ಲಗ್ಗನ್ನೂ ಬೋರ್ಡಿನಿಂದ ಪೂರ್ತಿ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಈಗ ಟೆಸ್ಟರ್ ತುದಿಯನ್ನು ಕೇಬಲ್ಲಿನ ಪಿನ್ನಿನ ಹೊರಭಾಗಕ್ಕೆ ಮುಟ್ಟಿಸಿ ನೋಡಿ. ಮೊದಲು ಹತ್ತುತ್ತಿದ್ದ ಟೆಸ್ಟರ್ ಈಗ ಹತ್ತದಿದ್ದರೆ ಸೋರಿಕೆ ನಿಮ್ಮ ಬಾಕ್ಸಿನದು ಅನ್ನುವುದಕ್ಕೆ ಅದು ಸೂಚನೆ. ಈಗಲೂ ಹತ್ತಿದರೆ ಅದು ಹೊರಗಿನಿಂದ ಬರುತ್ತಿದೆ. ಪಿನ್ ಹಾಗೇ ಬಿಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ, ಕೇಬಲ್‌ನವರನ್ನು ತಕ್ಷಣ ಕರೆಯಿರಿ. ಟೆಸ್ಟರ್ ಹತ್ತಲಿಲ್ಲ ಅಂತ ‘ಅಪಾಯವೇ ಇಲ್ಲ’ ಅಂತಲೂ ತಿಳಿಯಬೇಡಿ. ಬಾಕ್ಸಿನದೇ ಸೋರಿಕೆ ಆಗಿದ್ದರೂ ಎಲೆಕ್ಟ್ರಿಷಿಯನ್ ಒಬ್ಬರಿಗೆ ಮನೆಯ ಅರ್ಥಿಂಗ್ ತೋರಿಸಿ. ಎಷ್ಟೋ ಮನೆಗಳಲ್ಲಿ ಮೂರನೇ ತೂತಿಗೆ ತಂತಿಯೇ ಎಳೆದಿರುವುದಿಲ್ಲ.

ನಮ್ಮ ಮನೆಯಲ್ಲಿ ಇದ್ದದ್ದು ಬಾಕ್ಸಿನ ಸೋರಿಕೆ. ಅದು ಗೊತ್ತಾಗುವವರೆಗೂ ಅಡುಗೆಮನೆಯ ರೇಡಿಯೋಗೆ ಯಾವ ತಂತಿಯನ್ನೂ ಹಾಕಲಿಲ್ಲ.

ಲಕ್ಷಣ: ಬರೀ ಸುಯ್ ಸದ್ದು, ಹಿಂದೆ ಸಣ್ಣಗೆ ಸ್ಟೇಷನ್

ಸುಯ್ ಅನ್ನುವುದು ಸಿಗ್ನಲ್ ಸಾಲದು ಅನ್ನುವ ಗುರುತು. ಹೆಚ್ಚಾಗಿ ರೇಡಿಯೋ ಕೆಟ್ಟಿರುವುದಿಲ್ಲ. ಖರ್ಚಿಲ್ಲದ ಪರೀಕ್ಷೆಗಳು ಮೊದಲು.

ಹೊಸ ಸೆಲ್ ಹಾಕಿ. ಸೆಲ್ ಇಳಿದಾಗ ಮೊದಲು ಕೈಕೊಡುವುದು ದೂರದ ಸ್ಟೇಷನ್. ಏರಿಯಲ್ ಕಡ್ಡಿಯನ್ನು ಪೂರ್ತಿ ಎಳೆದು, ಬುಡದಲ್ಲಿ ಮೆಲ್ಲಗೆ ಅಲ್ಲಾಡಿಸಿ. ಅಲ್ಲಾಡಿಸಿದಾಗ ಸ್ಟೇಷನ್ ಬಂದು ಹೋದರೆ ಬುಡದ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ಒಳಗಿನ ತಂತಿಯ ಬೆಸುಗೆ ಬಿಟ್ಟಿದೆ. ರೇಡಿಯೋ ರಿಪೇರಿಯವರಿಗೆ ಅದು ಹತ್ತು ನಿಮಿಷದ ಕೆಲಸ. ರೇಡಿಯೋದಲ್ಲಿ ಸ್ಟೀರಿಯೋ–ಮೋನೋ ಗುಂಡಿ ಇದ್ದರೆ ಮೋನೋಗೆ ಹಾಕಿ. ದೂರದ ಸ್ಟೇಷನ್‌ನಲ್ಲಿ ಇದೊಂದರಿಂದಲೇ ಅರ್ಧ ಸುಯ್ ಹೋಗುತ್ತದೆ. ಲೋಕಲ್–ಡಿಎಕ್ಸ್ ಅಂತ ಗುಂಡಿ ಇದ್ದರೆ ದೂರಕ್ಕೆ ಡಿಎಕ್ಸ್. ಮೊಬೈಲಿನಲ್ಲಿ ಎಫ್‌ಎಂ ಕೇಳುವವರಿಗೆ ಇಯರ್‌ಫೋನಿನ ವೈರೇ ಏರಿಯಲ್. ಅದನ್ನು ಸುತ್ತಿ ಜೇಬಿನಲ್ಲಿ ಇಟ್ಟುಕೊಂಡರೆ ಸ್ಟೇಷನ್ ಬರುವುದಿಲ್ಲ.

ಆಮೇಲೆ ಜಾಗ. ಎಫ್‌ಎಂ ಅಲೆ ಹೆಚ್ಚು ಕಡಿಮೆ ಕಣ್ಣಿನ ನೋಟದ ಹಾಗೆ ನೇರವಾಗಿ ಬರುತ್ತದೆ. ದಾವಣಗೆರೆಯಿಂದ ಚಿತ್ರದುರ್ಗ ಇರುವುದು ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿದಂತೆ. ಮನೆಯಲ್ಲಿ ಆ ಕಡೆಗೆ ಕಿಟಕಿ ಇದ್ದರೆ ಅಲ್ಲಿಡಿ. ಅಲೆಯ ಉದ್ದ ಸುಮಾರು 3 ಮೀಟರ್ ಇರುವುದರಿಂದ ರೇಡಿಯೋವನ್ನು ಒಂದು ಮೊಳ ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ಫ್ರಿಜ್ಜಿನ ತಲೆ ಮೇಲೆ, ಸ್ಟೀಲ್ ಪಾತ್ರೆಯ ಸ್ಟ್ಯಾಂಡಿನ ಪಕ್ಕ ಇಟ್ಟಿದ್ದರೆ ಅಲ್ಲಿಂದ ತೆಗೆಯಿರಿ. ನಮ್ಮ ರೇಡಿಯೋ ಇದ್ದದ್ದೇ ಪಾತ್ರೆ ಸ್ಟ್ಯಾಂಡಿನ ಹಿಂದೆ.

ಕೊನೆಗೆ ರೇಡಿಯೋ ಹಿಡಿದು ತಾರಸಿಗೆ ಹೋಗಿ. ಅಲ್ಲಿ ಚೆನ್ನಾಗಿ ಬಂದರೆ ತೊಂದರೆ ಮನೆಯ ಗೋಡೆಗಳದ್ದು. ಒಂದು ತಾರಸಿ ಏರಿಯಲ್ ಹಾಕಿದರೆ ಖಂಡಿತ ಸರಿಹೋಗುತ್ತದೆ. ತಾರಸಿಯಲ್ಲೂ ಸುಯ್ ಅಂದರೆ ಇನ್ನೂ ಎತ್ತರ ಬೇಕು. ಫಲ ಅಷ್ಟಕ್ಕಷ್ಟೆ ಅಂತ ತಿಳಿದೇ ಮುಂದುವರಿಯಿರಿ.

ಲಕ್ಷಣ: ಸುಯ್ ಅಲ್ಲ, ಗರ್ ಅಥವಾ ಗುಂಯ್ ಸದ್ದು

ಇದು ಬೇರೆಯೇ ರೋಗ. ಇದಕ್ಕೆ ಉದ್ದನೆಯ ಏರಿಯಲ್ ಹಾಕಿದರೆ ಗರ್ ಕೂಡ ದೊಡ್ಡದಾಗುತ್ತದೆ. ಮನೆಯೊಳಗಿನ ಯಾವುದೋ ಸಾಮಾನು ಕಸದ ಅಲೆ ಬಿಡುತ್ತಿದೆ.

ಪರೀಕ್ಷೆ ಸುಲಭ. ರೇಡಿಯೋವನ್ನು ಸೆಲ್ ಮೇಲೆ ಹಾಡಿಸಿ, ಗರ್ ಕೇಳುವ ಜಾಗದಲ್ಲೇ ಇಡಿ. ಮನೆಯ ಮೈನ್ ಸ್ವಿಚ್ ಇಳಿಸಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ. ಇದನ್ನು ಮರೆತರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಕರೆಂಟ್ ಹೋದ ಕೂಡಲೇ ಯುಪಿಎಸ್ ಶುರುವಾಗಿ ತನ್ನದೇ ಗುಂಯ್ ಸೇರಿಸುತ್ತದೆ. ಗರ್ ನಿಂತಿತಾ? ಹಾಗಾದರೆ ಕಾರಣ ನಿಮ್ಮ ಮನೆಯಲ್ಲೇ ಇದೆ. ಒಂದೊಂದೇ ಸ್ವಿಚ್ ಮೇಲೆತ್ತುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಗರ್ ಬಂತೋ ಅದೇ ಕಳ್ಳ.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಕಡಿಮೆ ಬೆಲೆಯ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ನಮ್ಮಲ್ಲಿ ಎರಡು ಸಿಕ್ಕವು. ಅಡುಗೆಮನೆಯ ಎಲ್‌ಇಡಿ ಬಲ್ಬ್ ಒಂದು. ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಇನ್ನೊಂದು. ರೇಡಿಯೋಗೆ ಟಿವಿ ಕೇಬಲ್ ಮುಟ್ಟಿಸಿದಾಗ ಆ ಅಡಾಪ್ಟರಿನ ಕಸವೂ ಜಾಲರಿ ಹಿಡಿದು ನೇರವಾಗಿ ರೇಡಿಯೋದೊಳಗೆ ಬರುತ್ತಿತ್ತು. ಮೊದಲ ಎರಡು ವಾರ ಅಮ್ಮ ಕೇಳುತ್ತಿದ್ದುದು ಬೆಳಿಗ್ಗೆ, ಆಗ ಟಿವಿ ಬಂದ್ ಇರುತ್ತಿತ್ತು. ಮಕ್ಕಳಿಗೆ ರಜೆ ಶುರುವಾಗಿ ಬೆಳಿಗ್ಗೆಯೇ ಟಿವಿ ಹಚ್ಚತೊಡಗಿದಾಗ ಗರ್ ಶುರುವಾಯಿತು. ಕಾರಣ ಗೊತ್ತಾದ ಮೇಲೆ ಎಷ್ಟು ಸರಳ ಅನ್ನಿಸುತ್ತದೆ, ಅಲ್ವಾ?

ಬಲ್ಬ್ ಬದಲಿಸಿ. ಚಾರ್ಜರನ್ನು ರೇಡಿಯೋದಿಂದ ಎರಡು ಮೀಟರ್ ದೂರವಿಡಿ. ಕಂಪ್ಯೂಟರ್ ವೈರುಗಳ ಮೇಲೆ ಗುಂಡನೆಯ ಕಪ್ಪು ಗಂಟು ಇರುತ್ತದಲ್ಲ, ಅದು ಫೆರೈಟ್. ಅದೇ ತರಹದ್ದು ಕ್ಲಿಪ್ ಆಗಿ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅಡಾಪ್ಟರ್ ವೈರಿಗೆ ಹಾಕಿದರೆ ಕಸ ಕಡಿಮೆಯಾಗುತ್ತದೆ.

ಮನೆ ಪೂರ್ತಿ ಆರಿಸಿದರೂ ಗರ್ ಇದೆಯಾ? ಹಾಗಾದರೆ ಅದು ಪಕ್ಕದ ಮನೆಯದು, ಇಲ್ಲವೇ ಬೀದಿಯ ಲೈನಿನದು. ಸೆಲ್ ರೇಡಿಯೋ ಹಿಡಿದು ಬೀದಿಯಲ್ಲಿ ನಡೆದು ನೋಡಿ. ಒಂದು ಕಂಬದ ಹತ್ತಿರ ಸದ್ದು ಜೋರಾಗಿ, ಗಾಳಿ ಬೀಸಿದಾಗ ಏರಿಳಿದರೆ ಅಲ್ಲಿ ಏನೋ ಸಡಿಲವಾಗಿ ಕಿಡಿ ಹಾರುತ್ತಿರಬಹುದು. ಕಂಬವನ್ನು ಮುಟ್ಟಬೇಡಿ, ಅಲ್ಲಾಡಿಸಬೇಡಿ. ಕಂಬದ ನಂಬರ್ ಬರೆದುಕೊಂಡು ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ.

ಲಕ್ಷಣ: ಕೇಬಲ್ ಮುಟ್ಟಿಸಿದರೆ ಸ್ಟೇಷನ್ ಬರುತ್ತದೆ, ಬಿಟ್ಟರೆ ಹೋಗುತ್ತದೆ

ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿ. ಇದು ಒಳ್ಳೆಯ ಸುದ್ದಿ. ನಿಮ್ಮ ರೇಡಿಯೋ ಸರಿ ಇದೆ, ತಾರಸಿಯ ಮೇಲೆ ಸಿಗ್ನಲ್ ಇದೆ, ಅದನ್ನು ಕೆಳಗೆ ತರಬೇಕು ಅಷ್ಟೇ.

ಆದರೆ ಟಿವಿ ನೋಡುತ್ತಿರುವ ಕೇಬಲ್ಲನ್ನು ಇದಕ್ಕೆ ಬಳಸಬೇಡಿ. ಜುಮ್, ಗರ್ ಎರಡರ ಕಥೆ ಮೇಲೆ ಹೇಳಿದೆ. ಇನ್ನೂ ಒಂದಿದೆ. ಆ ಲೈನಿಗೆ ನೀವು ಏರಿಯಲ್ ಕಟ್ಟಿದರೆ ಹೊರಗಿನ ಅಲೆಗಳು ಲೈನಿನೊಳಗೆ ನುಗ್ಗಿ ಅಕ್ಕಪಕ್ಕದವರ ಟಿವಿ ಕೆಡಿಸಬಹುದು.

ಬದಲಿಗೆ ತಾರಸಿ ಹತ್ತಿ ನೋಡಿ. ಕೇಬಲ್ ಬಿಟ್ಟು ಡಿಶ್ ಹಾಕಿಸಿದ ಮನೆ, ಡಿಶ್ ಬಿಟ್ಟು ಫೈಬರ್ ಹಾಕಿಸಿದ ಮನೆ ನಮ್ಮೂರಲ್ಲಿ ಎಷ್ಟಿಲ್ಲ! ಹಳೆಯ ಕಪ್ಪು ವೈರ್ ಗೋಡೆಗೆ ಹಾಗೇ ಅಂಟಿಕೊಂಡು ಕೂತಿರುತ್ತದೆ. ಅದೇ ನಿಮ್ಮ ಬಂಡವಾಳ. ಅದು ಸಾಮಾನ್ಯವಾಗಿ ಆರ್‌ಜಿ 6 ಅನ್ನುವ 75 ಓಮ್ ಕೇಬಲ್. ಎಫ್‌ಎಂಗೆ ಅದಕ್ಕಿಂತ ಒಳ್ಳೆಯ ಇಳಿತಂತಿ ಬೇಕಿಲ್ಲ. ಫೈಬರ್ ವೈರ್ ಮಾತ್ರ ಕೆಲಸಕ್ಕೆ ಬಾರದು, ಅದರಲ್ಲಿ ಸಿಗ್ನಲ್ ಹೋಗುವುದು ಗಾಜಿನ ಎಳೆಯಲ್ಲಿ.

ಮೊದಲ ಕೆಲಸ, ಆ ಹಳೆಯ ವೈರಿನ ಎರಡೂ ತುದಿ ನಿಜವಾಗಿ ಖಾಲಿ ಇದೆಯಾ ನೋಡುವುದು. ಒಂದು ತುದಿ ಕಂಬಕ್ಕೋ ಪಕ್ಕದ ಮನೆಯ ಸ್ಪ್ಲಿಟರಿಗೋ (ಒಂದು ಲೈನನ್ನು ಕವಲು ಮಾಡುವ ಪುಟ್ಟ ಡಬ್ಬಿ) ಸೇರಿದ್ದರೆ ನೀವೇ ಕತ್ತರಿಸಬೇಡಿ. ಕೇಬಲ್‌ನವರಿಗೆ ಹೇಳಿ ಬಿಡಿಸಿಕೊಳ್ಳಿ. ಅದು ಅವರ ವೈರ್ ಆಗಿರಬಹುದು, ಜೊತೆಗೆ ಅದರಲ್ಲಿ ಏನು ಹರಿಯುತ್ತಿದೆ ಅನ್ನುವುದು ಅವರಿಗೇ ಗೊತ್ತು.

ಖಾಲಿ ವೈರ್ ಸಿಕ್ಕಿತು ಅನ್ನಿ. ಈಗ ತಾರಸಿಯ ತುದಿಗೆ ಒಂದು ಸರಳ ಏರಿಯಲ್. ನಾನು ಮಾಡಿದ್ದು ಹೀಗೆ. ವೈರಿಂಗ್‌ಗೆ ಬಳಸುವ ಪಿವಿಸಿ ಪೈಪ್ ಒಂದೂವರೆ ಮೀಟರ್ ತೆಗೆದುಕೊಂಡೆ. ಅದರ ಮೇಲೆ ತಾಮ್ರದ ತಂತಿಯ ಎರಡು ತುಂಡು, ಒಂದೊಂದು 70 ಸೆಂಟಿಮೀಟರ್, ಒಂದೇ ಗೆರೆಯಲ್ಲಿ ಕಟ್ಟಿದೆ. ನಡುವೆ ಎರಡು ಬೆರಳಿನಷ್ಟು ಜಾಗ. ಎರಡೂ ತುಂಡು ಒಂದಕ್ಕೊಂದು ತಾಗಬಾರದು. ಕೇಬಲ್ಲಿನ ನಡುವಿನ ತಂತಿ ಒಂದು ತುಂಡಿಗೆ, ಜಾಲರಿ ಇನ್ನೊಂದು ತುಂಡಿಗೆ. ಬೆಸುಗೆ ಹಾಕಿದರೆ ಒಳ್ಳೆಯದು. ಇಲ್ಲದಿದ್ದರೆ ವೈರಿಂಗ್‌ನವರು ಬಳಸುವ ಸ್ಕ್ರೂ ಕನೆಕ್ಟರ್ ಸಾಕು.

70 ಸೆಂಟಿಮೀಟರ್ ಎಲ್ಲಿಂದ ಬಂತು? 71.5ನ್ನು ಸ್ಟೇಷನ್ನಿನ ಮೆಗಾಹರ್ಟ್ಸ್‌ನಿಂದ ಭಾಗಿಸಿ. ಸಿಗುವುದು ಒಂದೊಂದು ತುಂಡಿನ ಉದ್ದ, ಮೀಟರಿನಲ್ಲಿ. 102.6ಕ್ಕೆ 0.697. ಬೇರೆ ಸ್ಟೇಷನ್ ನಿಮಗೆ ಮುಖ್ಯವಾದರೆ ಅದರ ಲೆಕ್ಕ ಹಾಕಿ. ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ಚಿಂತೆಯಿಲ್ಲ. ದೂರದರ್ಶನ ಕಾಲದ ಹಳೆಯ ಏರಿಯಲ್ ತಾರಸಿಯಲ್ಲಿ ಉಳಿದಿದ್ದರೆ ಅದನ್ನೂ ಹಾಕಿ ನೋಡಬಹುದು, ಆದರೆ ಅದರ ಅಳತೆ ಬೇರೆ ಅಲೆಗೆ ಮಾಡಿದ್ದು. ನನಗೆ ತಾಮ್ರದ ತಂತಿಯೇ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಪೈಪಿನ ಅಗಲದ ಮುಖ ಚಿತ್ರದುರ್ಗದ ಕಡೆ ಇರಲಿ, ತುದಿಯಲ್ಲ. ಅಂದರೆ ದಾವಣಗೆರೆಯಲ್ಲಿ ಪೈಪು ಹೆಚ್ಚು ಕಡಿಮೆ ಉತ್ತರ–ದಕ್ಷಿಣವಾಗಿ ಮಲಗಬೇಕು. ಒಮ್ಮೆ ಮಲಗಿಸಿ ಕೇಳಿ, ಒಮ್ಮೆ ನಿಲ್ಲಿಸಿ ಕೇಳಿ. ಯಾವುದು ಚೆನ್ನಾಗಿ ಬಂತೋ ಹಾಗೆ ಕಟ್ಟಿ. ಕೆಳಗೊಬ್ಬರು ರೇಡಿಯೋ ಮುಂದೆ, ಮೇಲೊಬ್ಬರು ಪೈಪ್ ಹಿಡಿದು. ನಮ್ಮಲ್ಲಿ ಅಮ್ಮ ಅಡುಗೆಮನೆ ಕಿಟಕಿಯಿಂದ ‘ಬಂತು, ಬಂತು, ಹೋಯ್ತು, ಸ್ವಲ್ಪ ಹಿಂದಕ್ಕೆ ತಿರುಗ್ಸು’ ಅಂತ ಕೂಗುತ್ತಿದ್ದರು.

ಕೆಳಗಿನ ತುದಿಯ ಜೋಡಣೆ ರೇಡಿಯೋ ನೋಡಿ. ಮ್ಯೂಸಿಕ್ ಸಿಸ್ಟಮ್, ಹೋಮ್ ಥಿಯೇಟರುಗಳಿಗೆ ಹಿಂಭಾಗದಲ್ಲಿ ಎಫ್‌ಎಂ ಏರಿಯಲ್ ತೂತು ಇರುತ್ತದೆ. ಸರಿಹೊಂದುವ ಪಿನ್ ಹಾಕಿ ಚುಚ್ಚಿದರೆ ಮುಗಿಯಿತು. ಬರೀ ಕಡ್ಡಿ ಏರಿಯಲ್ ಇರುವ ಸಣ್ಣ ರೇಡಿಯೋಗೆ ಲೋಹಕ್ಕೆ ಲೋಹ ಮುಟ್ಟಿಸಬೇಕಿಲ್ಲ. ಕೇಬಲ್ಲಿನ ನಡುವಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆಯ ಒಂದು ಮೀಟರ್ ವೈರ್ ಜೋಡಿಸಿ, ಅದನ್ನು ಕಡ್ಡಿಯ ಸುತ್ತ ಎಂಟು ಹತ್ತು ಸುತ್ತು ಸುತ್ತಿ. ತುದಿಗೆ ಟೇಪ್ ಸುತ್ತಿ ಮುಚ್ಚಿ. ಹೊದಿಕೆಯ ಮೇಲಿಂದಲೇ ಎಫ್‌ಎಂ ಅಲೆ ದಾಟುತ್ತದೆ. ಅಮ್ಮನ ರೇಡಿಯೋ ಈಗ ಹೀಗೇ ಇದೆ. ಸುತ್ತಿದ್ದು ಸಾಲದು ಅನ್ನಿಸಿದರೆ 100 ಪಿಕೋಫ್ಯಾರಡ್, 1 ಕಿಲೋವೋಲ್ಟಿನ ಸೆರಾಮಿಕ್ ಕೆಪಾಸಿಟರ್ ಒಂದನ್ನು ನಡುವೆ ಹಾಕಿ ಕಡ್ಡಿಗೆ ಕ್ಲಿಪ್ ಮಾಡಬಹುದು. ಅದು ಎಫ್‌ಎಂಗೆ ದಾರಿ ಬಿಡುತ್ತದೆ, 50 ಹರ್ಟ್ಸ್‌ನ ಮನೆ ಕರೆಂಟನ್ನು ಬಹುತೇಕ ತಡೆಯುತ್ತದೆ. ಸಿಡಿಲನ್ನು ಮಾತ್ರ ಅದು ತಡೆಯುವುದಿಲ್ಲ.

ಸಿಡಿಲಿನ ಮಾತು ಬಂತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮ ಕಡೆ ಗುಡುಗು ಮಳೆ ಹೇಗೆ ಬರುತ್ತದೆ ಅಂತ ಗೊತ್ತೇ ಇದೆ. ಮೋಡ ಕಟ್ಟುವಾಗಲೇ ಏರಿಯಲ್ ವೈರನ್ನು ರೇಡಿಯೋದಿಂದ ತೆಗೆದು ಕಿಟಕಿಯಾಚೆ ಹಾಕಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ, ರೇಡಿಯೋ ಹೋದರೆ ಹೋಗಲಿ. ಏರಿಯಲ್ ಪೈಪು ಮುರಿದು ಯಾವ ಕಡೆ ಬಿದ್ದರೂ ಕರೆಂಟ್ ಲೈನಿಗೆ ತಾಗದಷ್ಟು ದೂರ ಇರಬೇಕು. ಅಂತಹ ಜಾಗ ನಿಮ್ಮ ತಾರಸಿಯಲ್ಲಿ ಇಲ್ಲದಿದ್ದರೆ ಈ ಕೆಲಸ ಮಾಡಬೇಡಿ. ಕಿಟಕಿಯ ಒಳಗೇ ಗೋಡೆಗೆ ಕಟ್ಟಿಕೊಳ್ಳಿ. ಸ್ವಲ್ಪ ಕಡಿಮೆ ಬರುತ್ತದೆ, ಆದರೂ ಕಡ್ಡಿ ಏರಿಯಲ್‌ಗಿಂತ ಮೇಲು.

ಲಕ್ಷಣ: ರೇಡಿಯೋ ಸೇರಿಸಿದ ಮೇಲೆ ಟಿವಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ

ಟಿವಿ ಲೈನಿನಲ್ಲಿ ಸ್ಪ್ಲಿಟರ್ ಹಾಕಿ ಒಂದು ಕವಲನ್ನು ರೇಡಿಯೋಗೆ ಕೊಟ್ಟಿದ್ದೀರಿ. ಎರಡು ಕವಲಿನ ಸ್ಪ್ಲಿಟರ್ ಸುಮಾರು 3.5 ಡೆಸಿಬೆಲ್ ತಿನ್ನುತ್ತದೆ. ಅಂದರೆ ಟಿವಿಗೆ ಹೋಗುವುದು ಅರ್ಧಕ್ಕಿಂತ ಕಡಿಮೆ. ನಾಲ್ಕು ಕವಲಿನದು ಸುಮಾರು 7 ಡೆಸಿಬೆಲ್. ಡಿಜಿಟಲ್ ಟಿವಿ ಹಳೆಯ ಟಿವಿಯ ಹಾಗೆ ಮೆಲ್ಲಗೆ ಮಂಜಾಗುವುದಿಲ್ಲ. ಒಂದು ಮಟ್ಟದವರೆಗೆ ಚೆನ್ನಾಗಿದ್ದು ಆಮೇಲೆ ಒಮ್ಮೆಲೇ ಒಡೆಯುತ್ತದೆ. ಸ್ಪ್ಲಿಟರ್ ತೆಗೆದುಬಿಡಿ. ಆ ಲೈನಿನಲ್ಲಿ ರೇಡಿಯೋ ಇಲ್ಲವಲ್ಲ, ಅದಕ್ಕೆ ಕವಲು ಏಕೆ?

ತೆಗೆದ ಮೇಲೂ ಚಿತ್ರ ಒಡೆದರೆ ನೀವು ಬಿಚ್ಚಿ ಹಾಕಿದ ಪಿನ್ ನೋಡಿ. ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದ್ದರೂ ಸಿಗ್ನಲ್ ಸತ್ತು ಹೋಗುತ್ತದೆ.

ಲಕ್ಷಣ: ಬೂಸ್ಟರ್ ಹಾಕಿದರೆ ಒಂದೇ ಸ್ಟೇಷನ್ ನಾಲ್ಕು ಕಡೆ ಬರುತ್ತದೆ, ಇಲ್ಲವೇ ಎಲ್ಲ ಕಡೆ ಸುಯ್

ಬೂಸ್ಟರ್ ಅಂದರೆ ಸಿಗ್ನಲ್ ದೊಡ್ಡದು ಮಾಡುವ ಪುಟ್ಟ ಪೆಟ್ಟಿಗೆ. ಹೀಗಾದರೆ ರೇಡಿಯೋಗೆ ಸಿಗ್ನಲ್ ಅತಿಯಾಯಿತು ಅಂತ ಅರ್ಥ. ಬೂಸ್ಟರ್ ಒಳ್ಳೆಯದನ್ನೂ ಕಸವನ್ನೂ ಒಟ್ಟಿಗೆ ಎತ್ತುತ್ತದೆ. ಸುಮ್ನೆ ದುಡ್ಡು ಹಾಕಬೇಡಿ. ಚಿತ್ರದುರ್ಗ ಪೇಟೆಯೊಳಗೇ ಇರುವವರಿಗೆ ಏರಿಯಲ್ ಕಡ್ಡಿಯನ್ನು ಅರ್ಧ ಮಡಚಿದರೆ, ಲೋಕಲ್ ಗುಂಡಿ ಒತ್ತಿದರೆ ಸಾಕಾಗಬಹುದು. ಹಳೆಯ ಇಳಿತಂತಿ 40–50 ಮೀಟರ್ ಉದ್ದವಿದ್ದರೆ ಮಾತ್ರ ಬೂಸ್ಟರ್ ಯೋಚಿಸಿ. ಅದನ್ನು ಹಾಕಬೇಕಾದ್ದು ತಾರಸಿಯ ತುದಿಯಲ್ಲಿ, ಏರಿಯಲ್ ಪಕ್ಕ.

ಲಕ್ಷಣ: ಸ್ಟೇಷನ್ ಜೋರಾಗಿದೆ, ಆದರೆ ಮಾತು ಹರಿದಂತೆ, ತೊದಲಿದಂತೆ ಕೇಳುತ್ತದೆ

ಇದು ಚಿತ್ರದುರ್ಗದ ಕಡೆಯವರಿಗೆ ಜಾಸ್ತಿ. ಸುತ್ತ ಕಲ್ಲುಗುಡ್ಡ. ಕೋಟೆಯ ಮಗ್ಗುಲು, ಚಂದ್ರವಳ್ಳಿಯ ಕಡೆ, ಜೋಗಿಮಟ್ಟಿಯ ತಪ್ಪಲು ಇಲ್ಲೆಲ್ಲ ಒಂದು ಅಲೆ ನೇರವಾಗಿ ಬರುತ್ತದೆ, ಇನ್ನೊಂದು ಬಂಡೆಗೆ ಬಡಿದು ಸ್ವಲ್ಪ ತಡವಾಗಿ ಬರುತ್ತದೆ. ಎರಡೂ ಸೇರಿ ಸದ್ದು ಹರಿಯುತ್ತದೆ. ಸಿಗ್ನಲ್ ಹೆಚ್ಚಿಸಿದರೆ ಇದು ಹೋಗುವುದಿಲ್ಲ. ಏರಿಯಲ್ ತಿರುಗಿಸಬೇಕು. ತಂತಿಯ ತುದಿಯನ್ನು ಬಂಡೆಯ ಕಡೆಗೆ ತೋರಿಸಿದರೆ ಆ ಕಡೆಯಿಂದ ಬರುವ ಅಲೆ ಕಡಿಮೆ ಸೇರುತ್ತದೆ. ಏರಿಯಲ್ಲನ್ನು ತಾರಸಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಯ್ದು ನೋಡಿ. ಮೋನೋಗೆ ಹಾಕಿದರೂ ಸ್ವಲ್ಪ ಸರಿಹೋಗುತ್ತದೆ. ಗುಡ್ಡ ಪೂರ್ತಿ ಅಡ್ಡ ಇದ್ದರೆ ಯಾವ ಏರಿಯಲ್ಲೂ ಕೆಲಸ ಮಾಡದು. ಅಂಥವರು ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಳಬಹುದು. ಡಿಡಿ ಫ್ರೀ ಡಿಶ್‌ನಲ್ಲೂ ಟಿವಿ ಜೊತೆಗೆ ಆಕಾಶವಾಣಿ ವಾಹಿನಿಗಳಿವೆ. ನಿಮ್ಮ ಕೇಬಲ್ ಬಾಕ್ಸಿನ ಪಟ್ಟಿಯಲ್ಲಿ ಇವೆಯಾ ಅಂತ ಕೇಬಲ್‌ನವರನ್ನೇ ಕೇಳಿ.

ಲಕ್ಷಣ: ಎಫ್‌ಎಂ ಸರಿ ಇದೆ, ಮೀಡಿಯಂ ವೇವ್ ಮಾತ್ರ ಬರೀ ಗರ್

ಬೆಂಗಳೂರು 612 ಕಿಲೋಹರ್ಟ್ಸ್, ಧಾರವಾಡ 765, ಭದ್ರಾವತಿ 675. ಈ ನಂಬರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗಾಗಿ ಇದು.

ಮೀಡಿಯಂ ವೇವ್‌ಗೆ ರೇಡಿಯೋ ಕಡ್ಡಿ ಏರಿಯಲ್ಲನ್ನು ಬಳಸುವುದೇ ಇಲ್ಲ. ಒಳಗೆ ತಾಮ್ರದ ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕಡ್ಡಿ ಇರುತ್ತದೆ, ಅದೇ ಏರಿಯಲ್. ಹಾಗಾಗಿ ಮೇಲೆ ಹೇಳಿದ 70 ಸೆಂಟಿಮೀಟರಿನ ತಂತಿ ಇದಕ್ಕೆ ಏನೂ ಮಾಡದು. 612 ಕಿಲೋಹರ್ಟ್ಸ್‌ನ ಅಲೆಯ ಉದ್ದ 490 ಮೀಟರ್! ಇಲ್ಲಿ ಮಾಡಬೇಕಾದ್ದು ರೇಡಿಯೋವನ್ನೇ ತಿರುಗಿಸುವುದು. ಮೇಜಿನ ಮೇಲೆ ಇಟ್ಟು ಮೆಲ್ಲಗೆ ಸುತ್ತಿಸಿ. ಒಂದು ಕಡೆ ಸ್ಟೇಷನ್ ಜೋರಾಗುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ಸ್ಟೇಷನ್ ಬದಲು ಗರ್ ಮಾಯವಾಗುವ ಕೋನ ಹುಡುಕಿ. ಹಲವು ಸಲ ಅದೇ ಜಾಸ್ತಿ ಉಪಯೋಗ. ಟಿವಿಯಿಂದ, ಯುಪಿಎಸ್‌ನಿಂದ ದೂರ ಇಡುವುದು ಎಫ್‌ಎಂಗಿಂತ ಇಲ್ಲಿ ಹತ್ತು ಪಟ್ಟು ಮುಖ್ಯ.

ಹಗಲು ಬಾರದ ದೂರದ ಸ್ಟೇಷನ್ ರಾತ್ರಿ ಬಂದರೆ, ಕೆಲವೊಮ್ಮೆ ಎರಡು ಒಂದರ ಮೇಲೊಂದು ಬಂದರೆ ಅದು ದೋಷವಲ್ಲ. ಹಗಲು ಮೇಲಿನ ವಾತಾವರಣದ ಒಂದು ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ಕರಗಿ ಅಲೆ ಮೇಲಿಂದ ಪುಟಿದು ನೂರಾರು ಮೈಲಿ ಬರುತ್ತದೆ.

ಲಕ್ಷಣ: ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆ ಹಿಡಿದ ಮೇಲೆ ಸುಯ್

ಏರಿಯಲ್ ಕಟ್ಟಿ ಮೊದಲ ಮಳೆಗಾಲ ಕಳೆದವರೆಲ್ಲ ಇದನ್ನು ನೋಡುತ್ತಾರೆ. ಕೇಬಲ್ಲಿನ ತಾರಸಿಯ ತುದಿಯಲ್ಲಿ ನೀರು ಇಳಿದಿದೆ. ಜಾಲರಿ ಬತ್ತಿಯ ಹಾಗೆ ನೀರು ಹೀರುತ್ತದೆ. ತುದಿ ಕತ್ತರಿಸಿ ನೋಡಿ. ಜಾಲರಿ ಬೆಳ್ಳಗೆ ಹೊಳೆಯುವ ಬದಲು ಕಪ್ಪು, ಬೂದಿ ಬಣ್ಣ ಆಗಿದ್ದರೆ ನೀರು ಹೋಗಿದೆ. ಹೊಳೆಯುವ ಜಾಲರಿ ಸಿಗುವವರೆಗೂ ಗೇಣು ಗೇಣು ಕತ್ತರಿಸುತ್ತಾ ಬನ್ನಿ. ನನಗೆ ಎರಡು ಮೀಟರ್ ಕತ್ತರಿಸಬೇಕಾಯಿತು. ಹೊಸದಾಗಿ ಜೋಡಿಸಿ, ಟೇಪ್ ಸುತ್ತಿ, ಮೇಲೆ ಸಿಲಿಕೋನ್ ಹಚ್ಚಿ. ಟೇಪ್ ಒಂದೇ ಆದರೆ ನಮ್ಮ ಬಿಸಿಲಿಗೆ ಒಂದು ಬೇಸಿಗೆ ತಡೆಯುವುದಿಲ್ಲ. ಕೇಬಲ್ ಏರಿಯಲ್‌ನಿಂದ ಇಳಿಯುವ ಕಡೆ ಮತ್ತು ಕಿಟಕಿಯೊಳಗೆ ಬರುವ ಕಡೆ ಒಂದು ಸಣ್ಣ ಜೋಲು ಬಿಡಿ. ನೀರು ಆ ಜೋಲಿನ ತಳದಿಂದ ತೊಟ್ಟಿಕ್ಕಿ ಹೊರಗೇ ಬೀಳುತ್ತದೆ. ಈಗ ಕೇಬಲ್ ಎರಡು ಮೀಟರ್ ಗಿಡ್ಡವಾಗಿದೆ. ಅಮ್ಮನ ರೇಡಿಯೋ ಕಿಟಕಿಯ ಪಕ್ಕದ ಗೂಡಿಗೆ ಬಂದಿದೆ, ಬೆಳಿಗ್ಗೆ 102.6 ಅಲ್ಲಿಂದಲೇ ಕೇಳುತ್ತದೆ.